ಪವರ್ ಏರಿದ್ರೆ ಗ್ಲಾಸ್ ಬದಲಾಯಿಸೋದಷ್ಟೇನಾ?

ಈ ಸಲ ರಜೆಗೆ ಮೈಸೂರಿಗೆ ಬಂದಾಗ ಅಕ್ಕನ ಜೊತೆ ಅವಳ ಮಗಳನ್ನ ಕರ್ಕೊಂಡು ದೇವರಾಜ ಅರಸು ರಸ್ತೆ ಕಡೆ ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆ. ಮೂರನೇ ಕ್ಲಾಸ್ ಹುಡುಗಿ, ಹೋದ ವರ್ಷ ಮೈನಸ್ 1.5 ಇದ್ದಿದ್ದು ಈಗ 2.75. ಅಂಗಡಿಯವ್ರು 'ಬೆಳೆಯೋ ಮಕ್ಳಿಗೆ ಏರೋದೇ ಸಾರ್' ಅಂದು ಫ್ರೇಮ್ ತೆಗೆದು ಜೋಡಿಸೋಕೆ ಶುರು ಮಾಡಿದ್ರು, ಅಕ್ಕನೂ ಪಿಂಕೋ ಬ್ಲೂನೋ ಅಂತ ನೋಡ್ತಾ ಕೂತ್ಲು. ನಂಗೆ ಕರುಳು ಚುರುಕ್ ಅಂತು.

ನಾನಿರೋ ಸಿಂಗಾಪುರದಲ್ಲಿ ನನ್ನ ಮಗನಿಗೆ ಪವರ್ ಏರಿದಾಗ ಮೊದಲು ನೋಡಿದ್ದು ಕಣ್ಣು ಎಷ್ಟು ಉದ್ದ ಬೆಳೆದಿದೆ ಅಂತ. ಮಷೀನ್ ಮೇಲೆ ಗಲ್ಲ ಇಟ್ಟು ಕೂತ್ರೆ ಸಾಕು, ಮಿಲಿಮೀಟರ್ ಲೆಕ್ಕದಲ್ಲಿ ಅಳತೆ ಬರುತ್ತೆ. ಮಕ್ಳಲ್ಲಿ ಪವರ್ ಏರೋದು ಹೆಚ್ಚಾಗಿ ಕಣ್ಣುಗುಡ್ಡೆ ಉದ್ದ ಆಗ್ತಾ ಹೋಗೋದ್ರಿಂದ, 1 ಮಿಮೀ ಅಂದ್ರೆ ಸುಮಾರು 2.5ರಿಂದ 3 ಪವರ್. ಹಾಗೆ ಎಳೆದು ತೆಳ್ಳಗಾದ ರೆಟಿನಾ, ಅಂದ್ರೆ ಕಣ್ಣಿನ ಹಿಂದಿನ ಪರದೆ, ದೊಡ್ಡವರಾದ್ಮೇಲೆ ಕಿತ್ತು ಬರೋ ಅಪಾಯ ಜಾಸ್ತಿ, ಕಣ್ಣಿನ ನರ ಹಾಳುಮಾಡೋ ಗ್ಲಾಕೋಮಾ ಅಪಾಯನೂ ಜಾಸ್ತಿ. ಮಾಮೂಲಿ ಗ್ಲಾಸಿಂದ ಬೋರ್ಡ್ ಕಾಣುತ್ತೆ, ಈ ಬೆಳವಣಿಗೆ ನಿಲ್ಲಲ್ಲ.

ಈ ಬೆಳವಣಿಗೆ ನಿಧಾನ ಮಾಡೋಕೆ ಅಂತಲೇ ಬೇರೆ ಥರದ ಕನ್ನಡಕದ ಲೆನ್ಸ್ ಇದೆ. ಮಗ ಹಾಕೋದು ಅದನ್ನೇ, ಬೆಳಕಿಗೆ ಓರೆಯಾಗಿ ಹಿಡಿದ್ರೆ ಜೇನುಗೂಡಿನ ಥರ ಚುಕ್ಕಿಗಳು ಕಾಣುತ್ತೆ. ನಡುವೆ 9 ಮಿಮೀ ಜಾಗ ಮಾಮೂಲಿ ಪವರ್, ಸುತ್ತ 1 ಮಿಮೀ ಅಗಲದ ಸುಮಾರು 400 ಪುಟ್ಟ ಲೆನ್ಸ್. ಅವುಗಳಿಂದ ಬಂದ ಬೆಳಕು ರೆಟಿನಾಗಿಂತ ಮುಂಚೆನೇ ಕೂಡುತ್ತೆ, ಅದರಿಂದ ಕಣ್ಣು ಉದ್ದ ಆಗೋದು ನಿಧಾನ ಆಗುತ್ತೆ. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ಯೂನಿವರ್ಸಿಟಿಯವ್ರು 8ರಿಂದ 13 ವರ್ಷದ 160 ಮಕ್ಕಳನ್ನ 2 ವರ್ಷ ನೋಡಿದ್ರು, ಸಾದಾ ಗ್ಲಾಸ್ ಹಾಕಿದವರಿಗಿಂತ ಈ ಲೆನ್ಸ್ ಹಾಕಿದವರಿಗೆ ಪವರ್ ಏರಿದ್ದು 52% ಕಮ್ಮಿ, ಕಣ್ಣು ಉದ್ದ ಬೆಳೆದಿದ್ದು 62% ಕಮ್ಮಿ. ಪೂರ್ತಿ ನಿಲ್ಲಿಸಲ್ಲ, ಇಳಿಸೋದಂತೂ ಇಲ್ಲವೇ ಇಲ್ಲ. ಆದ್ರೂ ಎಂಟು ಆಗೋದು ನಾಲ್ಕೈದಕ್ಕೆ ನಿಂತ್ರೆ ಅದೇನು ಸಣ್ಣದಾ?

ಇದನ್ನೆಲ್ಲ ಮನೇಲಿ ಹೇಳಿದ್ರೆ ದೊಡ್ಡಮ್ಮ ಕ್ಯಾರೆಟ್ ತಿನ್ಸು ಅಂತಾರೆ, ಭಾವ 'ಅರ್ಧ ಪವರ್ ಹಾಕ್ಸಿದ್ರೆ ಏರಲ್ವಂತೆ ಕಣೋ' ಅಂತಾರೆ. ಕಮ್ಮಿ ಪವರ್ ಹಾಕಿದ್ರೆ ಏರೋದೇನೂ ತಪ್ಪಲ್ಲ, ಆ ಮಗು ಕ್ಲಾಸಲ್ಲಿ ಬೋರ್ಡ್ ಕಾಣ್ದೆ ಕೂರ್ಬೇಕಷ್ಟೆ! ಮಾರ್ಕ್ಸ್‌ಗೆ ಟ್ಯೂಷನ್ ಮೇಲೆ ಟ್ಯೂಷನ್ ಹಾಕೋ ಊರು, ಕಣ್ಣಿನ ವಿಷಯಕ್ಕೆ ಬಂದ್ರೆ ಹಣೆಬರಹ ಅಂದುಬಿಡುತ್ತೆ.

ಸಿಂಗಾಪುರದವ್ರು ಹುಷಾರಾಗಿದ್ದು ಪೆಟ್ಟು ತಿಂದೇ, ಅದನ್ನೂ ಹೇಳ್ಬೇಕು. ಅಲ್ಲಿ ಹರೆಯದವರಲ್ಲಿ ಸುಮಾರು ಹತ್ತಕ್ಕೆ ಎಂಟು ಜನಕ್ಕೆ ಮೈನಸ್ ಪವರ್ ಇದೆ. ದಿನಾ 2 ಗಂಟೆ ಹೊರಗಡೆ ಬೆಳಕಲ್ಲಿ ಆಡಿದ್ರೆ ಪವರ್ ಬರೋದೇ ಕಮ್ಮಿ ಅಂತ ಅಲ್ಲಿ ಅಪ್ಪಅಮ್ಮಂದಿರಿಗೆ ಹೇಳಿ ಹೇಳಿ ಸಾಕಾಗಿದೆ, ಮಂಡ್ಯ ಕಡೆ ನಮ್ಮ ಚಿಕ್ಕಪ್ಪನ ಮೊಮ್ಮಕ್ಕಳು ಯಾರೂ ಹೇಳ್ದೇನೇ ಸಂಜೆವರೆಗೂ ನಾಲೆ ಏರಿ ಮೇಲೆ ಇರ್ತಾರೆ. ಲೆನ್ಸ್ ದುಬಾರಿ ಅನ್ನೋದೂ ನಿಜ, ಸಾದಾ ಗ್ಲಾಸಿನ ಎಷ್ಟೋ ಪಟ್ಟು, ಪವರ್ ಏರಿದಾಗೆಲ್ಲ ಮತ್ತೆ ಹೊಸದು, ಎಲ್ರಿಗೂ ಆಗಲ್ಲ.

ಆದ್ರೆ ಅಳತೆನಾದ್ರೂ ಮಾಡ್ಬಹುದಲ್ವಾ. ಪೊರೆ ಆಪರೇಷನ್‌ಗೆ ಮುಂಚೆ ಒಳಗೆ ಕೂರಿಸೋ ಲೆನ್ಸಿನ ಪವರ್ ಲೆಕ್ಕ ಹಾಕೋಕೆ ಕಣ್ಣಿನ ಉದ್ದ ಅಳೀಲೇಬೇಕು, ನಮ್ಮಮ್ಮನಿಗೆ ಮೈಸೂರಲ್ಲೇ ಅಳೆದ್ರು. ಮಷೀನ್ ಊರಲ್ಲೇ ಇದೆ. ಮಕ್ಕಳನ್ನೂ ಆರು ತಿಂಗಳಿಗೊಂದ್ಸಲ ಅದರ ಮುಂದೆ ಕೂರ್ಸಿ ಅಂತ ಕಣ್ಣಿನ ಡಾಕ್ಟರ್‌ನ ಕೇಳಿ, ಅಕ್ಕನಿಗೂ ಇದನ್ನೇ ಹೇಳಿದ್ದೀನಿ.