ತಾಮ್ರದ ಕೊಡ ಮತ್ತು ಒಂಬತ್ತು ದಿನ

ಬಸುರಿಯನ್ನು ಕಂಡು ಸಲಹೆ ಕೊಡದೆ ಸುಮ್ಮನಿರುವ ಬಾಯಿ ನಮ್ಮ ದಾವಣಗೆರೆಯಲ್ಲಿ ಒಂದೂ ಇಲ್ಲ. ನನಗೆ ಬಹಳ ಅಕ್ಕರೆಯಿಂದ ಸಿಕ್ಕ ಸಲಹೆಯೇ ಬಹಳ ಅಪಾಯದ್ದಾಗಿತ್ತು: "ಹೊಟ್ಟೆಯಲ್ಲಿ ಕೂಸಿರುವಾಗ ಮೂರು ಹೊತ್ತು ಮಾತ್ರೆ ಏಕವ್ವ? ಹೆರಿಗೆಯಾಗುವವರೆಗೆ ಬಿಟ್ಟುಬಿಡು."

ನನಗಿರುವುದು ವಿಲ್ಸನ್ ಕಾಯಿಲೆ. ಊಟದಲ್ಲಿ ಬಂದ ತಾಮ್ರದಲ್ಲಿ ಮಿಕ್ಕಿದ್ದನ್ನು ಯಕೃತ್ತು ಪಿತ್ತರಸದ ಜೊತೆ ಹೊರಹಾಕಬೇಕು, ನನ್ನದು ಹಾಕುವುದಿಲ್ಲ. ಅದು ಯಕೃತ್ತಿನಲ್ಲಿ, ಮಿದುಳಿನಲ್ಲಿ ಸೇರುತ್ತಾ ಹೋಗುತ್ತದೆ. ಎಟಿಪಿ7ಬಿ ಎಂಬ ವಂಶವಾಹಿಯ ದೋಷ ಅಪ್ಪ, ಅವ್ವ ಇಬ್ಬರಿಂದಲೂ ಬಂದರೆ ಈ ಕಾಯಿಲೆ. ನಮ್ಮ ಅವ್ವ ಮದುವೆಯಾದದ್ದು ಸ್ವಂತ ಸೋದರಮಾವನನ್ನು.

ಪಿಯುಸಿಯಲ್ಲಿ ಅಣ್ಣನ ಅಕ್ಷರ ಕೆಟ್ಟಾಗ ಎಲ್ಲರೂ ಸೋಮಾರಿ ಎಂದು ಬೈದೆವು. ಕೈ ನಡುಗತೊಡಗಿದ ಮೇಲೆ ಕಣ್ಣಿನ ವೈದ್ಯರೊಬ್ಬರು ಕರಿಗುಡ್ಡೆಯ ಸುತ್ತ ಕಂದು ಬಣ್ಣದ ಬಳೆ ಕಂಡು ನಿಮ್ಹಾನ್ಸ್‌ಗೆ ಕಳಿಸಿದರು. ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆಯಿದೆ ಎಂದು ನನ್ನನ್ನೂ ಪರೀಕ್ಷಿಸಿದಾಗ ಸಿಕ್ಕಿಬಿದ್ದೆ. ಲಕ್ಷಣ ಏನೂ ಇರಲಿಲ್ಲ. ಅಂದಿನಿಂದ ಸತುವಿನ ಮಾತ್ರೆ. ಸತು ತಾಮ್ರವನ್ನು ಕರುಳಿನಲ್ಲೇ ಅಡ್ಡಗಟ್ಟುತ್ತದೆ.

ನಾಲ್ಕನೇ ತಿಂಗಳಲ್ಲಿ ಊರಿನ ಒಂದು ಕ್ಲಿನಿಕ್‌ನಲ್ಲಿ ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿದರು. ಸದಾ ಕಡಿಮೆ ಇರುತ್ತಿದ್ದ ಅಂಕಿ ಸರಿಯಾದ ಮಟ್ಟಕ್ಕೆ ಬಂದಿತ್ತು. "ಗುಣವಾಗಿದೆಯಲ್ಲ, ಮಾತ್ರೆ ನಿಲ್ಲಿಸಿ" ಎಂದರು. ಬೇಕಿದ್ದ ಮಾತೇ ಕಿವಿಗೆ ಬಿದ್ದಿತ್ತು. ಒಂಬತ್ತು ದಿನ ನಿಲ್ಲಿಸಿದೆ. ಹತ್ತನೇ ದಿನ ಬೆಂಗಳೂರಿನ ನನ್ನ ವೈದ್ಯರಿಗೆ ಖುಷಿಯಿಂದ ಫೋನ್ ಮಾಡಿದರೆ ಅವರು ಬೈದ ಬೈಗುಳ ಇನ್ನೂ ನೆನಪಿದೆ. ಗರ್ಭಿಣಿಯರಲ್ಲಿ ಈಸ್ಟ್ರೋಜನ್ ಹಾರ್ಮೋನು ಹೆಚ್ಚಿದಂತೆ ಸೆರುಲೋಪ್ಲಾಸ್ಮಿನ್ ತಾನಾಗಿಯೇ ಏರುತ್ತದೆ. ಅದು ಕಾಯಿಲೆ ವಾಸಿಯಾದ ಗುರುತಲ್ಲ. ಚಿಕಿತ್ಸೆ ನಿಲ್ಲಿಸಿದವರ ಯಕೃತ್ತು ಕೈಕೊಟ್ಟು ಜೀವಕ್ಕೇ ಕುತ್ತು ಬಂದದ್ದಿದೆ. ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುವ ಪೆನಿಸಿಲಮೈನ್ ಎಂಬ ಔಷಧಿ ತೆಗೆದುಕೊಳ್ಳುವವರಿಗೂ ಬಸುರಿನಲ್ಲಿ ಪ್ರಮಾಣ ಇಳಿಸುತ್ತಾರೆಯೇ ಹೊರತು ನಿಲ್ಲಿಸುವುದಿಲ್ಲ. ಸತುವಿಗೆ ಸಾಮಾನ್ಯವಾಗಿ ಅದೂ ಬೇಕಿಲ್ಲ. ನನಗೆ ಆ ಕ್ಲಿನಿಕ್‌ನವರ ಮೇಲಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು: ಹತ್ತು ವರ್ಷ ನುಂಗಿದ ಮಾತ್ರೆಯನ್ನು ಒಂದು ಫೋನ್ ಕೂಡ ಮಾಡದೆ ಬಿಟ್ಟವಳು ನಾನು.

ವಾಂತಿಯ ತಿಂಗಳುಗಳಲ್ಲಿ ಖಾಲಿ ಹೊಟ್ಟೆಗೆ ಸತು ನುಂಗುವುದು ತಪಸ್ಸೇ ಸರಿ. ನುಂಗಿ ಒಂದು ಗಂಟೆ ಏನೂ ತಿನ್ನುವಂತಿಲ್ಲ. ಯಜಮಾನರು ಬೆಳಿಗ್ಗೆ ತಂದ ಬೆಣ್ಣೆ ದೋಸೆ ಕಣ್ಣೆದುರೇ ಆರಿ, ಬೆಣ್ಣೆ ಹೆಪ್ಪುಗಟ್ಟುತ್ತಿತ್ತು. ಈ ಶಿಕ್ಷೆ ಎಂಥದ್ದೆಂದು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಮಾತ್ರೆಗೆ ಬೇರೆ ಹೊತ್ತು. ಗರ್ಭಿಣಿಯರಿಗೆಂದೇ ಮಾರುವ ವಿಟಮಿನ್ ಮಾತ್ರೆಯ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದರೆ ಮೂಲೆಯಲ್ಲಿ 'ಕ್ಯುಪ್ರಿಕ್ ಸಲ್ಫೇಟ್' ಕುಳಿತಿತ್ತು. ತಾಮ್ರವೇ! ಅಂಗಡಿಗೆ ವಾಪಸು ಕೊಟ್ಟು ಬಂದೆ.

ಕುಬುಸಕ್ಕೆ ಬಂದ ಅಂಟಿನುಂಡೆಯ ತುಂಬ ಗೋಡಂಬಿ, ಬಾದಾಮಿ. ಎರಡರಲ್ಲೂ ತಾಮ್ರ ಹೆಚ್ಚು. ಅದರ ಜೊತೆಗೆ ದೊಡ್ಡತ್ತೆಯವರ ಉಡುಗೊರೆ: ಫಳಫಳ ಹೊಳೆಯುವ ತಾಮ್ರದ ಕೊಡ, "ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿ" ಎಂಬ ಹರಕೆಯೊಂದಿಗೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಕೊಡವನ್ನು ಎತ್ತಿಕೊಂಡು ಹೋಗಿ ಅಟ್ಟಕ್ಕೆ ಹಾಕಿದರು.

ಯಜಮಾನರ ವಂಶವಾಹಿಯಲ್ಲಿ ದೋಷ ಸಿಕ್ಕಿಲ್ಲ. ಹಾಗಾಗಿ ಮಗಳು ದೋಷವಿರುವ ನನ್ನ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತಿರುತ್ತಾಳೆ, ಅಷ್ಟೇ. ಅವಳಿಗೆ ಈಗ ಏಳು ತಿಂಗಳು. ಬೆಳಿಗ್ಗೆ ಆರಕ್ಕೆ ಅಡುಗೆಮನೆಯಿಂದ ಅತ್ತೆಯವರ ದನಿ ಬರುತ್ತದೆ: "ನುಂಗಿದೆಯಾ?" ಹೂಂ ಎಂದ ಮೇಲೆ ಗಡಿಯಾರ ನೋಡಿಕೊಳ್ಳುತ್ತಾರೆ. ಏಳು ಹೊಡೆಯುವವರೆಗೆ ನನಗೆ ಅವಲಕ್ಕಿ ಸಿಗುವುದಿಲ್ಲ.