ಹಂಪಿಯ ಗುಮ್ಮಟ ಕಟ್ಟಿದವರು ಯಾರು?

ಹಂಪಿಯ ಕಮಲ ಮಹಲ್, ಆನೆ ಲಾಯಗಳನ್ನು 1565ರ ಯುದ್ಧದ ಬಳಿಕ ಸುಲ್ತಾನರು ಕಟ್ಟಿಸಿದರು, ಕಮಾನು-ಗುಮ್ಮಟಗಳೇ ಸಾಕ್ಷಿ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಆ ಯುದ್ಧದಲ್ಲಿ ವಿಜಯನಗರ ಸೋತ ನಂತರ ಅದರ ರಾಜಧಾನಿಯಾದ ಹಂಪಿ ಹಾಳುಬಿತ್ತು. ಹಾಳೂರಲ್ಲಿ ಆನೆಗಳಿಗೆ ಲಾಯ ಯಾರಿಗೆ ಬೇಕಿತ್ತು?

ಇವೆರಡೂ ವಿಜಯನಗರ ಕಾಲದವೇ. ಕಮಲ ಮಹಲನ್ನು ತಲೆಯೆತ್ತಿ ನೋಡಿ: ಕೆಳಗೆ ಸುಲ್ತಾನರ ನಾಡಿನ ಶೈಲಿಯ ಕಮಾನು, ಮೇಲೆ ದೇಗುಲದ ಶಿಖರದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಪುರ. ಲಾಯದ ಹನ್ನೊಂದು ಕೋಣೆಗಳ ಗುಮ್ಮಟಗಳೂ ಒಂದೇ ಬಗೆಯವಲ್ಲ. ದೇವಾಲಯಕ್ಕೆ ಹಳೆಯ ಕಲ್ಲಿನ ಸಂಪ್ರದಾಯ, ಅರಮನೆಯ ಆವರಣಕ್ಕೆ ಹೊಸ ಗಾರೆಯ ಶೈಲಿ: ರಾಜರ ಆಯ್ಕೆಯೇ ಹಾಗಿತ್ತು.

ಅಂದಹಾಗೆ, ಎರಡನೇ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಇದೇ ಊರಲ್ಲಿ ಕಟ್ಟಿಸಿದ ಮಸೀದಿಗೆ ಕಂಬಗಳಿವೆ, ಗುಮ್ಮಟವಿಲ್ಲ!