ನಾಲ್ಕನೇ ಬಿಲ್ಲಿಗೆ ಒಂಬತ್ತೇ ಸಾವಿರ

ಹದಿನೈದು ಸಾವಿರದ ಬಿಲ್ಲು ಕಳಿಸಿದ ಫ್ರೀಲಾನ್ಸರಿಗೆ ಒಂಬತ್ತು ಸಾವಿರ ಜಮಾ ಆಯಿತೆಂದು ಬ್ಯಾಂಕಿನ ಮೆಸೇಜು ಬಂದರೆ ಮೊದಲ ಅನುಮಾನ ತನ್ನ ಕನ್ನಡಕದ ಮೇಲೆ, ಎರಡನೆಯದು ಕಂಪನಿಯ ಮೇಲೆ. ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮುಂಚಿತವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹತ್ತು ಪರ್ಸೆಂಟು. ಹದಿನೈದಕ್ಕೆ ಒಂದೂವರೆ ಸಾವಿರ ಮುರಿದುಕೊಳ್ಳಲಿ, ಬೇಡ ಅಂದವರು ಯಾರು? ಆರು ಸಾವಿರ ಮುರಿದುಕೊಳ್ಳುವುದು ಯಾವ ಊರಿನ ಲೆಕ್ಕ?

ಲೆಕ್ಕ ಸರಿಯಾಗಿಯೇ ಇದೆ, ಸಂಕಟ ಅದೇ. ಇಲ್ಲಿ ಹೇಳುವ ಸೆಕ್ಷನ್, ಫಾರಂ ನಂಬರುಗಳು 2025-26ರ ತನಕದ ಹಳೆಯ ಆದಾಯ ತೆರಿಗೆ ಕಾಯಿದೆಯವು. ಅದರಲ್ಲಿ ವೃತ್ತಿಪರ ಶುಲ್ಕದ 194ಜೆ ಸೆಕ್ಷನ್ನಿನ ಮಿತಿ 2025ರ ಏಪ್ರಿಲ್ 1ರಿಂದ 30,000ದ ಬದಲು 50,000 ಆಯಿತು. ಒಂದೇ ಕಂಪನಿ ವರ್ಷದಲ್ಲಿ ಅಷ್ಟು ದಾಟಿಸುವ ತನಕ ಕಡಿತವಿಲ್ಲ. ಮೊದಲ ಮೂರು ಬಿಲ್ಲು ಇಡಿಯಾಗಿ ಬಂದು ನಮ್ಮನ್ನು ಉಬ್ಬಿಸಿ ಹೋಗುತ್ತವೆ. ನಾಲ್ಕನೆಯದು ಸೇರಿ ಒಟ್ಟು 60,000 ಆದಾಗ ತೆರಿಗೆ ಬೀಳುವುದು ಮಿತಿ ದಾಟಿದ ಹತ್ತು ಸಾವಿರಕ್ಕಲ್ಲ, ಪೂರ್ತಿ ಅರವತ್ತಕ್ಕೂ. ಮೂರು ಜನ ಸ್ನೇಹಿತರು ದೋಸೆ ತಿಂದು ಕೈ ತೊಳೆಯೋಕೆ ಎದ್ದು ಹೋದ ಮೇಲೆ ಟೇಬಲ್ಲಿನಲ್ಲಿ ಉಳಿದವನ ಗತಿ ಆ ನಾಲ್ಕನೇ ಬಿಲ್ಲಿಗೆ.

ಸರಿ, ಹೋಗಲಿ, ಅದು ನಮ್ಮ ಹೆಸರಿನಲ್ಲೇ ಜಮಾ ಆಗುವ ದುಡ್ಡು ಅಂತ ಸಮಾಧಾನ ಮಾಡಿಕೊಂಡು 26ಎಎಸ್, ಅಂದರೆ ನಮ್ಮ ಪ್ಯಾನಿಗೆ ಜಮಾ ಆದ ತೆರಿಗೆಯ ಪಟ್ಟಿ, ತೆಗೆದು ನೋಡಿದರೆ ಅಲ್ಲಿ ಏನೂ ಇಲ್ಲ. ಆಗ ಅಕೌಂಟ್ಸ್ ವಿಭಾಗಕ್ಕೆ ಫೋನು.

ಅಕೌಂಟ್ಸ್ ವಿಭಾಗದಲ್ಲಿ ಒಬ್ಬರಿರುತ್ತಾರೆ. ಕಂಪನಿ ಯಾವುದೇ ಆಗಲಿ, ಇರುವುದು ಅವರೊಬ್ಬರೇ. ಯಾಕೆ ಇಷ್ಟು ಹಿಡಿದಿದ್ದೀರಿ ಅಂದರೆ "ಸಿಸ್ಟಮ್ಮೇ ಹಿಡಿಯತ್ತೆ ಸಾರ್" ಅನ್ನುತ್ತಾರೆ. 26ಎಎಸ್‌ನಲ್ಲಿ ಕಾಣಿಸುತ್ತಿಲ್ಲವಲ್ಲ? "ಸಿಸ್ಟಮ್ಮಲ್ಲಿ ಹಾಕಿದೀವಿ ಸಾರ್, ಬರತ್ತೆ." ಯಾವಾಗ ಬರತ್ತೆ? "ಸಿಸ್ಟಮ್ ಅಪ್‌ಡೇಟ್ ಆಗ್ಬೇಕು ಸಾರ್." ಅಪ್‌ಡೇಟ್ ಮಾಡುವವರು ಯಾರು? ಇಲ್ಲಿ ಒಂದು ದೀರ್ಘ ಮೌನ. ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳಲು ನಿಂತವರ ಮೌನ ಅದು. ಹೂವು ಬಲಕ್ಕೆ ಬೀಳಬೇಕು. ಬೀಳದಿದ್ದರೆ ಪೂಜಾರಿ ತಾನೇ ಏನು ಮಾಡಿಯಾರು? ಇನ್ನೂ ಕೆದಕಿದರೆ "ನಮ್ಮ ಕೈಯಲ್ಲೇನಿಲ್ಲ ಸಾರ್, ಎಲ್ಲಾ ಸಿಸ್ಟಮ್ಮು" ಎಂಬ ವೈರಾಗ್ಯ. ಈ ಸಿಸ್ಟಮ್ ದೇವರಿಗೆ ಹಿಡಿಯುವಾಗ ಕೈ ಸಾವಿರ, ತೋರಿಸುವಾಗ ಕಣ್ಣು ಒಂದೂ ಇಲ್ಲ.

ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಅಕ್ಟೋಬರಿನಲ್ಲಿ ಹಿಡಿದದ್ದನ್ನು ನವೆಂಬರ್ 7ರೊಳಗೆ ಕಟ್ಟಿದರೆ ಸಾಕು. ಆದರೆ ಯಾರ ಹೆಸರಿನಲ್ಲಿ ಹಿಡಿದದ್ದು ಎಂಬ ಪಟ್ಟಿ ಹೋಗುವುದು ಆ ತ್ರೈಮಾಸಿಕದ ಟಿಡಿಎಸ್ ರಿಟರ್ನಿನಲ್ಲಿ, ಅದಕ್ಕೆ ಜನವರಿ 31ರ ತನಕ ಸಮಯ. ಹಿಡಿದದ್ದಕ್ಕೆ ಕಂಪನಿ ನಮಗೆ ಕೊಡುವ 16ಎ ಸರ್ಟಿಫಿಕೇಟಿಗೆ ಫೆಬ್ರವರಿ 15. ಅಂದರೆ ನವೆಂಬರಿನಿಂದ ಜನವರಿಯ ತನಕ ಮಾಡಿದ ಫೋನುಗಳೆಲ್ಲ ಬರೀ ನಮ್ಮ ಬಿಪಿಗೆ. ಜನವರಿಯಿಂದ ಮಾರ್ಚ್ ತನಕದ ಕಡಿತದ್ದು ಇನ್ನೂ ನಿಧಾನ: ರಿಟರ್ನ್ ಮೇ 31ಕ್ಕೆ, 16ಎ ಜೂನ್ 15ಕ್ಕೆ. ಏಪ್ರಿಲ್ ಮೊದಲ ವಾರದಲ್ಲೇ ಸ್ನಾನ ಮಾಡಿ ಐಟಿಆರ್ (ನಮ್ಮ ಆದಾಯ ತೆರಿಗೆ ರಿಟರ್ನ್) ತುಂಬಲು ಕೂರುವ ಉತ್ಸಾಹಿಗಳಿಗೆ ಅರ್ಧ ಟಿಡಿಎಸ್ ಸಿಗದಿರುವುದು ಇದಕ್ಕೇ.

ಫೆಬ್ರವರಿ ಕಳೆದರೂ ಕಾಣಿಸದಿದ್ದರೆ ಮಾತ್ರ ಅನುಮಾನಿಸಬೇಕಾದದ್ದು ಪ್ಯಾನ್ ನಂಬರನ್ನು. ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ನಾಲ್ಕನೆಯದು ವ್ಯಕ್ತಿಗಳಿಗೆ 'ಪಿ', ಐದನೆಯದು ಸರ್‌ನೇಮಿನ ಮೊದಲಕ್ಷರ. ಇಲ್ಲಿ ನಮ್ಮ ಕಡೆಯವರದ್ದೇ ಒಂದು ಪ್ರತ್ಯೇಕ ಪುರಾಣ. ನಮಗೆ ಸರ್‌ನೇಮ್ ಎಲ್ಲಿದೆ? ಇನಿಷಿಯಲ್ ಇದೆ. ಅದನ್ನು ಬಿಡಿಸಿದರೆ ಒಂದು ಅಪ್ಪನ ಹೆಸರು, ಇನ್ನೊಂದು ಊರು. ಪ್ಯಾನ್ ಕಾರ್ಡಿನಲ್ಲಿ ಅಪ್ಪ ಹಿಂದೆ ನಿಂತಿದ್ದರೆ ಆಧಾರಿನಲ್ಲಿ ಇನಿಷಿಯಲ್ಲಾಗಿ ಮುಂದೆ ಬಂದಿರುತ್ತಾನೆ, ಬ್ಯಾಂಕಿನಲ್ಲಿ ಇರುವುದೇ ಇಲ್ಲ. ಬಿಲ್ಲಿನಲ್ಲಿ ಹೆಸರನ್ನು ಪ್ಯಾನಿನಲ್ಲಿರುವಂತೆಯೇ ಬರೆದು, ನಂಬರನ್ನು ಟೈಪ್ ಮಾಡಿಯೇ ಕೊಡಿ. ಮೊಬೈಲಿನಲ್ಲಿ ಹೊಡೆದ ಮಸುಕು ಫೋಟೋ ನೋಡಿ ಅವರು 8ನ್ನು 3 ಅಂತ ಓದಿದರೆ ಮುಗಿಯಿತು. ಆ ನಂಬರು ಬೇರೆ ಯಾರದ್ದೋ ಆಗಿದ್ದರೆ ನಮ್ಮ ಆರು ಸಾವಿರ ಅವರ 26ಎಎಸ್‌ಗೆ ಹೋಗಿ ಕೂರುತ್ತದೆ.

ಸರಿಪಡಿಸುವ ಅಧಿಕಾರ ನಮಗಿಲ್ಲ, ಹಿಡಿದವರಿಗೆ ಮಾತ್ರ. ಫೋನು ಬಿಟ್ಟು ಮೇಲ್ ಹಾಕಿ: ಬಿಲ್ ನಂಬರು, ದಿನಾಂಕ, ಮೊತ್ತ, ಹಿಡಿದದ್ದೆಷ್ಟು, ಪ್ಯಾನ್ ಪ್ರತಿ, ಖಾಲಿ 26ಎಎಸ್‌ನ ಚಿತ್ರ. 'ಕರೆಕ್ಷನ್ ಸ್ಟೇಟ್‌ಮೆಂಟ್ ಹಾಕಿ' ಎಂಬ ಮೂರು ಪದ ಅದರಲ್ಲಿರಲಿ. ಪ್ಯಾನ್ ತಿದ್ದಲು ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ ಅಂತಲೂ ಸೇರಿಸಿ, ಅರ್ಧ ಭಯ ಅವರಿಗೆ ಅದರದ್ದೇ. ರಿಟರ್ನನ್ನೇ ಹಾಕಿಲ್ಲ ಅಂತಾದರೆ 234ಇ ಪ್ರಕಾರ ದಿನಕ್ಕೆ 200 ರೂಪಾಯಿ ಅವರ ತಲೆಗೇ ಬೀಳುತ್ತದೆ ಎಂಬುದನ್ನು ವಿನಯದಿಂದ ನೆನಪಿಸಿ. ಸಿಸ್ಟಮ್ ದೇವರು ಕಣ್ಣು ಬಿಡುವುದು ಈ ಮಂತ್ರಕ್ಕೆ.

ಕೆಲವರು 194ಜೆ ಬದಲು ಗುತ್ತಿಗೆದಾರರ ಸೆಕ್ಷನ್ 194ಸಿ ಹಾಕಿ ಒಂದೇ ಪರ್ಸೆಂಟು ಹಿಡಿಯುತ್ತಾರೆ. ಕುಣಿಯಬೇಡಿ. ತೆರಿಗೆ ಕಡಿಮೆಯಾಗಿಲ್ಲ, ಹಿಡಿದದ್ದು ಕಡಿಮೆ. ಟಿಡಿಎಸ್ ಕಳೆದು ಬಾಕಿ 10,000 ಮುಟ್ಟಿದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ನಾವೇ ಮುಂಗಡ ಕಟ್ಟಬೇಕು. 44ಎಡಿಎ ಸೆಕ್ಷನ್ನಿನ ಸರಳ ಲೆಕ್ಕ ಆರಿಸಿಕೊಂಡವರಿಗೆ ಒಂದೇ ಕಂತು, ಮಾರ್ಚ್ 15.

ಈ 44ಎಡಿಎ ಒಳ್ಳೆಯ ಸೌಲಭ್ಯ. ಬಂದದ್ದರಲ್ಲಿ ಅರ್ಧ ಖರ್ಚು ಅಂತ ಸರ್ಕಾರವೇ ಒಪ್ಪುತ್ತದೆ, ರಸೀದಿ ಕೇಳುವುದಿಲ್ಲ. ಆದರೆ ಎಲ್ಲರಿಗೂ ಬಾಗಿಲು ತೆರೆಯುವುದಿಲ್ಲ. ವಕೀಲರು, ಡಾಕ್ಟರು, ಎಂಜಿನಿಯರು, ಆರ್ಕಿಟೆಕ್ಟು, ಒಳಾಂಗಣ ಅಲಂಕಾರದವರು, ಸಿನಿಮಾ ಕಲಾವಿದರು ಪಟ್ಟಿಯಲ್ಲಿದ್ದಾರೆ. ಸಿನಿಮಾ ಕಲಾವಿದರಲ್ಲಿ ಹಾಡು ಬರೆಯುವವರೂ ಸೇರುತ್ತಾರೆ, ಸಂಭಾಷಣೆ ಬರೆಯುವವರೂ ಸೇರುತ್ತಾರೆ. ಬರೀ ಕವಿ ಸೇರುವುದಿಲ್ಲ, ಅನುವಾದಕರ ಹೆಸರೂ ಇಲ್ಲ. ಕವಿಗೆ ಖರ್ಚೇನಿದೆ ಅಂತ ಅಂದುಕೊಂಡರೇನೋ.

ಪಟ್ಟಿಯೊಳಗಿದ್ದವರ ಪಾಡೂ ನೋಡಿ. ಮನೆಯಲ್ಲೇ ಕೂತು 18 ಲಕ್ಷ ದುಡಿಯುವ ಆರ್ಕಿಟೆಕ್ಟಿಗೆ ಲೆಕ್ಕದಲ್ಲಿ ಆದಾಯ 9 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ 87ಎ ರಿಯಾಯಿತಿ, ಹಾಗಾಗಿ 2025-26ಕ್ಕೆ ತೆರಿಗೆ ಸೊನ್ನೆ. ಹಿಡಿದದ್ದು ಮಾತ್ರ 1.8 ಲಕ್ಷ. ರಿಟರ್ನ್ ಹಾಕಿ ವಾಪಸು ಕೇಳಬೇಕು. ನಮ್ಮ ದುಡ್ಡು ಅವರ ಹತ್ತಿರ ಇದ್ದದ್ದಕ್ಕೆ ತಿಂಗಳಿಗೆ ಅರ್ಧ ಪರ್ಸೆಂಟು ಬಡ್ಡಿ, ನಾವು ಮುಂಗಡ ತಪ್ಪಿಸಿದರೆ ತಿಂಗಳಿಗೆ ಒಂದು ಪರ್ಸೆಂಟು. ಆ ಅರ್ಧ ಪರ್ಸೆಂಟಿನ ಬಡ್ಡಿಯೂ ಮತ್ತೆ ಆದಾಯ! ತೆರಿಗೆ ಬೀಳುವಷ್ಟು ಆದಾಯವಿಲ್ಲ ಎಂಬ 15ಜಿ ಫಾರಂ ಕೊಟ್ಟು ತಪ್ಪಿಸಿಕೊಳ್ಳೋಣ ಅಂದರೆ ಅದು ವೃತ್ತಿಪರ ಶುಲ್ಕಕ್ಕೆ ನಡೆಯುವುದಿಲ್ಲ; 197ನೇ ಸೆಕ್ಷನ್ನಿನಡಿ ಫಾರಂ 13 ಹಾಕಿ ಕಡಿಮೆ ಕಡಿತದ ಸರ್ಟಿಫಿಕೇಟನ್ನೇ ಪಡೆಯಬೇಕು. ಇವೆಲ್ಲ ಬಾಯಿಪಾಠ ಆಗುವಷ್ಟರಲ್ಲಿ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬಂದು ನಂಬರುಗಳನ್ನೇ ಬದಲಿಸಿತು. ಸಂಬಳ ಬಿಟ್ಟು ಉಳಿದ ಟಿಡಿಎಸ್ ಬಹುತೇಕ ಇನ್ನು 393ನೇ ಸೆಕ್ಷನ್ನು.

ಸಂಬಳದವರಿಗೆ ಹೊಸ ಪದ್ಧತಿಯಲ್ಲಿ ಕೇಳದೆಯೇ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ನು. ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ: ಇಂಥ ಹೊತ್ತಿನಲ್ಲಿ ಅವರಿಗೆ ಪಕ್ಕದ ಕುರ್ಚಿಯಲ್ಲಿ ಒಬ್ಬರಿರುತ್ತಾರೆ, ಬೈಯಲು ಜೊತೆಗೆ ಕಾಫಿಗೆ ಏಳುತ್ತಾರೆ. ಮನೆಯಲ್ಲಿ ಕೂತ ನಮಗೆ ದನಿಗೂಡಿಸುವುದು ಕುಕ್ಕರ್ ಮಾತ್ರ, ಅದೂ ಮೂರು ಸೀಟಿಗೆ ಸುಮ್ಮನಾಗುತ್ತದೆ. ಮೇಲೆ ಮನೆಯವರ ಮಾತು: "ಮನೇಲೇ ಇದೀಯಲ್ಲ, ಗ್ಯಾಸ್ ಬಂದ್ರೆ ತಗೋ."

ಆ ಆರು ಸಾವಿರ ಈಗ ಎಲ್ಲಿದೆಯೋ. ಬೀದರಿನಲ್ಲೋ ಭುವನೇಶ್ವರದಲ್ಲೋ ಯಾರೋ ಒಬ್ಬರು ತಮ್ಮ ಎಐಎಸ್ (ತೆರಿಗೆ ಇಲಾಖೆ ಇಟ್ಟಿರುವ ವರ್ಷದ ಆದಾಯದ ಪಟ್ಟಿ) ತೆರೆದು, ತಾವು ಹೆಸರೂ ಕೇಳದ ಕಂಪನಿಯಿಂದ 60,000 ದುಡಿದಿರುವುದನ್ನು ಕಂಡು ಬೆವರುತ್ತಿರಬಹುದು. 'ಈ ಮಾಹಿತಿ ಬೇರೆ ಪ್ಯಾನಿನದ್ದು' ಎಂದು ಉತ್ತರಿಸಲು ಅಲ್ಲೊಂದು ಆಯ್ಕೆ ಇದೆ. ಅದು ಸಿಗದಿದ್ದರೆ ಅವರೂ ಆ ಕಂಪನಿಗೇ ಫೋನು ಮಾಡುತ್ತಾರೆ, ಅದೇ ಒಬ್ಬರು ಎತ್ತಿಕೊಳ್ಳುತ್ತಾರೆ.

"ಸಿಸ್ಟಮ್ಮಲ್ಲಿ ನಿಮ್ಮದೇ ಅಂತ ಇದೆಯಲ್ಲ ಸಾರ್?"